ಹುಣಸೆಹಣ್ಣಿನಲ್ಲಿ ತೊಳೆದ ಗಾಳದ ರೀಲುಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಈ ಜನ್ಮದಲ್ಲಿ ಒಂದೂ ಮೀನು ಹಿಡಿದವಳಲ್ಲ, ತಿಂದವಳಲ್ಲ, ಮೀನಿನ ಮಾರುಕಟ್ಟೆಯ ಮುಂದೆ ಆಟೋ ನಿಂತರೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವವಳು. ಇಂಥವಳ ಮನೆಯಲ್ಲಿ, ದಿಲ್ಲಿಯ ಮಯೂರ್ ವಿಹಾರದ ನಾಲ್ಕನೇ ಮಹಡಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಮೂವತ್ತೇಳು ಗಾಳದ ರೀಲುಗಳಿವೆ. ಅಡುಗೆಮನೆಯ ಡಬ್ಬಿಗಳಿಗಿಂತ ಹೆಚ್ಚು. ದೇವರ ಗೂಡಿನ ದೇವರುಗಳಿಗಿಂತಲೂ ಹೆಚ್ಚು, ನಮ್ಮ ದೇವರುಗಳೇನು ಕಡಿಮೆಯಿಲ್ಲ.

ಗಾಳದ ರೀಲು ಅಂದರೆ ಏನು ಎಂದು ನೀವು ಕೇಳಿದರೆ ತಪ್ಪಿಲ್ಲ, ನಾನೂ ಅದು ಮನೆಗೆ ಬರುವ ತನಕ ಕಂಡಿರಲಿಲ್ಲ. ಗಾಳದ ಕೋಲಿನ ಬುಡಕ್ಕೆ ಕಟ್ಟುವ ಅಂಗೈಯಗಲದ ಹಿತ್ತಾಳೆ ಚಕ್ರ ಅದು. ದಾರ ಸುತ್ತಿಡುವುದಕ್ಕೆ. ಪಕ್ಕದಲ್ಲಿ ತಿರುಗಿಸಲು ಒಂದು ಹಿಡಿ. ಒಳಗೆ ಒಂದು ಹಲ್ಲಿನ ಗಾಲಿ, ಅದಕ್ಕೆ ತಾಗುವ ಒಂದು ಸ್ಪ್ರಿಂಗು. ತಿರುಗಿಸಿದರೆ ಕಿರ್ರ್ ಎನ್ನುತ್ತದೆ. ಕೆಳಗೆ ಕೋಲಿಗೆ ಕಟ್ಟಲು ಒಂದು ಸಪಾಟು ಪಟ್ಟಿ, ಅದನ್ನು ಪಾದ ಎನ್ನುತ್ತಾರೆ. ಇಷ್ಟೇ. ಇಷ್ಟಕ್ಕೆ ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷದ ಭಾನುವಾರಗಳನ್ನೆಲ್ಲ ಕೊಟ್ಟ ಅಂದರೆ ನೀವು ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ, ಆದರೆ ಆ ಮನುಷ್ಯ ನನ್ನ ಗಂಡ.

ನಮ್ಮವರು ಸರ್ಕಾರಿ ಎಂಜಿನಿಯರು. ಉತ್ತರದ ನದಿಗಳ ನೀರು ಅಳೆಯುವ ಕೆಲಸ. ಯಾವುದೋ ಟೂರಿನಲ್ಲಿ ಬೆಟ್ಟದ ಕೆಳಗಿನ ಒಂದು ಗುಜರಿ ಅಂಗಡಿಯಿಂದ ಮೊದಲನೆಯದನ್ನು ತಂದರು, ಮೇಜಿನ ಮೇಲಿನ ಕಾಗದ ಹಾರದಿರಲಿ ಎಂದು. ಸುಮ್ಮನಿದ್ದೆ. ಹತ್ತು ರೀಲಾದಾಗ ಕೇಳಿದೆ, "ಮೀನು ತಿನ್ನೋದಿಲ್ಲ, ಹಿಡಿಯೋದಿಲ್ಲ, ಇದು ಯಾಕೆ?" ಅವರು ಭೂತಗನ್ನಡಿ ಕೆಳಗಿಡದೆ, "ಮಾಡಿದವನು ಯಾರು ಅಂತ ನೋಡಬೇಕು" ಅಂದರು. ಹೆಸರು ಕೆತ್ತಿರುವ ರೀಲು ಸಿಕ್ಕರೆ ಮಾತ್ರ ತರುತ್ತಿರಲಿಲ್ಲ. "ಹೆಸರಿರೋದನ್ನ ಗುರುತು ಹಿಡಿಯೋಕೆ ನಾನ್ಯಾಕೆ? ಪೋಸ್ಟ್‌ಮ್ಯಾನ್ ಸಾಕು."

ಹೆಸರಿಲ್ಲದವು ಬೇಕಾದಷ್ಟಿವೆಯಂತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಕಾಲಕ್ಕೆ ಹಿತ್ತಾಳೆ ಕೆಲಸದವರು ಗಲ್ಲಿ ಗಲ್ಲಿಯಲ್ಲಿ ಕೂತಿದ್ದರು. ಅವರು ರೀಲು ಮಾಡುವುದು, ದೊಡ್ಡ ಊರುಗಳ ಅಂಗಡಿಯವರು ಡಜನ್ನುಗಟ್ಟಲೆ ತರಿಸಿಕೊಂಡು ಮೇಲೆ ತಮ್ಮ ಹೆಸರು ಕೆತ್ತಿಸುವುದು. ಕೆತ್ತಿಸುವವರು ಬಾರದೆ ಉಳಿದವು ಹಾಗೇ ಬೋಳಾಗಿ ಹಡಗು ಹತ್ತಿ ಇಲ್ಲಿಗೆ ಬಂದವು. ಇಂಥದರಲ್ಲಿ ಮಾಡಿದವನನ್ನು ಹಿಡಿಯುವುದು ಅವನ ಅಭ್ಯಾಸಗಳಿಂದ. ಒಬ್ಬ ಪಾದದ ತುದಿಯನ್ನು ದುಂಡಗೆ ಉಜ್ಜುತ್ತಾನೆ, ಇನ್ನೊಬ್ಬ ಚೌಕವಾಗಿ ಬಿಡುತ್ತಾನೆ. ಒಬ್ಬನ ಹಿಡಿಯ ಗುಂಡಿ ಕೊಂಬಿನದು, ಇನ್ನೊಬ್ಬನದು ಮೂಳೆಯದು. ಸ್ಕ್ರೂಗಳನ್ನು ಕೈಯಲ್ಲೇ ಮಾಡುತ್ತಿದ್ದ ಕಾಲದಲ್ಲಿ ಒಂದು ತೂತಿನ ಸ್ಕ್ರೂ ಇನ್ನೊಂದು ತೂತಿಗೆ ಹೋಗುತ್ತಿರಲಿಲ್ಲ. ಅದಕ್ಕೆ ಸ್ಕ್ರೂವಿನ ತಲೆಗೊಂದು ಚುಕ್ಕಿ, ತೂತಿನ ಪಕ್ಕ ಒಂದು ಚುಕ್ಕಿ ಗುದ್ದಿ ಜೋಡಿ ಮಾಡಿಡುತ್ತಿದ್ದರು. ಆ ಚುಕ್ಕಿ ಗುದ್ದುವುದರಲ್ಲೂ ಒಬ್ಬೊಬ್ಬರದು ಒಂದೊಂದು ಕೈ.

ನನಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ಮೂವತ್ತೊಂದು ವರ್ಷ ಒಂದು ಸಚಿವಾಲಯದಲ್ಲಿ ಫೈಲು ತಿರುವಿದವಳು ನಾನು. ಸಹಿಯಿಲ್ಲದ ಟಿಪ್ಪಣಿ ಬಂದರೆ ಫೈಲು ಕಟ್ಟಿದ ಟ್ಯಾಗಿನ ಗಂಟು ನೋಡಿಯೇ ಯಾವ ಸೆಕ್ಷನ್ನಿನ ಯಾವ ಬಾಬು ಬರೆದದ್ದೆಂದು ಹೇಳುತ್ತಿದ್ದೆ. ಆಫೀಸಿನಲ್ಲಿ ಅದಕ್ಕೆ ನನಗೆ ಭಾರಿ ಮರ್ಯಾದೆ. ಅದೇ ವಿದ್ಯೆ ಗಂಡನ ಕೈಯಲ್ಲಿ ಕಂಡಾಗ ಮಾತ್ರ ಹುಚ್ಚು ಅನ್ನಿಸಿತು. ಹೆಂಡತಿಯರಿಗೆ ಇಂಥ ಒಂದು ಕಣ್ಣು ಮದುವೆಯ ದಿನವೇ ಬರುತ್ತದೆ, ಯಾರೂ ಕೊಡಬೇಕಾಗಿಲ್ಲ.

ಇಬ್ಬರೂ ರಿಟೈರ್ ಆದ ಮೇಲೆ ಕಷ್ಟ ಶುರುವಾಯಿತು. ಮೊದಲು ಭಾನುವಾರಕ್ಕೆ ಸೀಮಿತವಾಗಿದ್ದ ರೀಲು ಏಳು ದಿನಕ್ಕೂ ಹರಡಿತು. ಉಪ್ಪಿಟ್ಟಿನ ಜೊತೆ ರೀಲು, ಸಾರಿನ ಜೊತೆ ರೀಲು. ಒಂದು ಮಧ್ಯಾಹ್ನ ಬಿಸಿ ಹುಳಿ ಬಡಿಸಿ ಕೂತಿದ್ದೇನೆ, ಇವರು ಸ್ಪ್ರಿಂಗಿನ ವಿಷಯ ಹೇಳುತ್ತ ಹೇಳುತ್ತ ಹುಳಿಯನ್ನು ತಣ್ಣಗೆ ಮಾಡಿದರು. ನನಗೆ ರೇಗಿತು. "ಇನ್ಮೇಲೆ ತಟ್ಟೆ ಮುಂದೆ ರೀಲಿನ ಮಾತು ಬೇಡ" ಅಂದೆ. ಅವರು ಸರ್ಕಾರಿ ನೌಕರರು, ಆದೇಶವನ್ನು ಪಾಲಿಸಿದರು. ತಟ್ಟೆ ಮುಂದೆ ಮಾತ್ರವಲ್ಲ, ಎಲ್ಲೂ ಎತ್ತಲಿಲ್ಲ. ಆ ಕೊನೆಯ ವರ್ಷವೆಲ್ಲ ನಮ್ಮ ಮಾತು ಹವೆ, ನೀರಿನ ಮೋಟರು, ಸೊಸೈಟಿಯ ಲಿಫ್ಟು. ನಾನು ಗೆದ್ದೆ ಅಂದುಕೊಂಡೆ.

ಎರಡು ವರ್ಷದ ಹಿಂದಿನ ಜನವರಿಯಲ್ಲಿ, ಎದುರಿನ ಬ್ಲಾಕು ಕಾಣದಷ್ಟು ಮಂಜು ಕವಿದ ಒಂದು ಬೆಳಗ್ಗೆ, ಹಾಲು ತರಲು ಇಳಿದವರು ಗೇಟಿನ ಹತ್ತಿರದ ಬೆಂಚಿನ ಮೇಲೆ ಕೂತರು. ಮತ್ತೆ ಏಳಲಿಲ್ಲ. ಇದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಇನ್ನೂ ಬರುವುದಿಲ್ಲ.

ಒಂಟಿತನದ ಬಗ್ಗೆ ಜನ ದೊಡ್ಡ ದೊಡ್ಡ ಮಾತಾಡುತ್ತಾರೆ. ನನ್ನ ಅನುಭವದಲ್ಲಿ ಅದು ಸಣ್ಣ ಸಣ್ಣದು. ಹೆಪ್ಪು ಹಾಕುವಷ್ಟು ಹಾಲು ಉಳಿಯುತ್ತದೆ. ಪೇಪರು ಮಡಿಕೆ ಕೆಡದೆ ಇರುತ್ತದೆ. ಕನ್ನಡ ಮಾತಾಡದೆ ಮೂರು ದಿನ ಕಳೆದಿರುತ್ತದೆ, ತರಕಾರಿ ಭಯ್ಯಾನ ಹತ್ತಿರ ತಪ್ಪಿ "ಬದನೆಕಾಯಿ" ಅಂದಾಗ ಗೊತ್ತಾಗುತ್ತದೆ. ಮಗಳು ಅನಘಾ ಗುರುಗ್ರಾಮದಲ್ಲಿದ್ದಾಳೆ, ವಾರಕ್ಕೊಮ್ಮೆ ಬರುತ್ತಾಳೆ, ಪ್ರೀತಿಯ ಹುಡುಗಿ. ಆದರೆ ಅವಳು ದಿಲ್ಲಿಯಲ್ಲೇ ಬೆಳೆದವಳು, ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಸಮಾಧಾನ ಮಾಡುತ್ತಾಳೆ. ಜಗಳಕ್ಕೆ ಇಬ್ಬರದೂ ಒಂದೇ ಭಾಷೆ ಇರಬೇಕು, ಇಲ್ಲದಿದ್ದರೆ ಅದಕ್ಕೆ ರುಚಿ ಬರುವುದಿಲ್ಲ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಮೊದಲ ವರ್ಷ ಹಬ್ಬವಿರಲಿಲ್ಲ. ಹೋದ ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಈ ಮನೆಯಲ್ಲಿ ಆಯುಧ ಅಂತ ಏನಿದೆ ಎಂದು ಯೋಚಿಸಿದೆ. ಒಂದು ಮಿಕ್ಸಿ, ಒಂದು ಕತ್ತರಿ, ಈಳಿಗೆಮಣೆ. ಆಮೇಲೆ ಕಪಾಟಿನ ಕಡೆ ಕಣ್ಣು ಹೋಯಿತು. ಮೂವತ್ತೇಳು ರೀಲುಗಳು, ಕಪ್ಪು ಕಂದು ಬಣ್ಣಕ್ಕೆ ತಿರುಗಿ ಮಂಕಾಗಿ ಕೂತಿದ್ದವು. ಇವರು ಬದುಕಿದ್ದಾಗ ಮುಟ್ಟಲು ಬಿಡುತ್ತಿರಲಿಲ್ಲ. "ಆ ಬಣ್ಣಾನೇ ಅದರ ವಯಸ್ಸು ಕಣೇ" ಅನ್ನುತ್ತಿದ್ದರು. ಆದರೆ ಮಂಕಾದ ಹಿತ್ತಾಳೆ ಕಂಡರೆ ಸುಮ್ಮನಿರಲು ನಮ್ಮ ಕಡೆಯ ಹೆಂಗಸರ ಕೈಗೆ ಆಗುವುದಿಲ್ಲ. ನನಗೆ ಏಳು ವರ್ಷವಿದ್ದಾಗಲೇ ಹಬ್ಬದ ಹಿಂದಿನ ದಿನ ದೀಪದ ಕಂಬ ತಿಕ್ಕಲು ಕೂರಿಸಿದ್ದರು. ಹೊಳೆಯದ ಹಿತ್ತಾಳೆ ಇರುವ ಮನೆಗೆ ಮರ್ಯಾದೆಯಿಲ್ಲ ಎಂದು ನನ್ನ ಮೂಳೆಗೆ ಗೊತ್ತು.

ಬಕೆಟ್ಟಿನಲ್ಲಿ ಹುಣಸೆಹಣ್ಣು ನೆನೆಹಾಕಿದೆ. ಉಪ್ಪು, ಹಳೆಯ ಟೂತ್‌ಬ್ರಶ್ಶು, ತೆಂಗಿನ ನಾರು. ಒಂದು ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ಒಂದೊಂದನ್ನೂ ತಿಕ್ಕಿದೆ. ಪಾದದ ಕೆಳಗೆ ಏನೋ ಕಪ್ಪಗೆ ಗೀಚಿದಂತಿತ್ತು. ಕನ್ನಡಕ ಹಾಕಿರಲಿಲ್ಲ. ಎಣ್ಣೆ ಜಿಡ್ಡು ಇರಬೇಕೆಂದು ಅಲ್ಲಿಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿ ಜೋರಾಗಿಯೇ ತಿಕ್ಕಿದೆ. ಬಾಲ್ಕನಿಯಲ್ಲಿ ಟವೆಲ್ ಹಾಸಿ ಒಣಗಿಸಿದಾಗ ಅವು ಮದುವೆ ಮನೆಯ ಹಾಗೆ ಹೊಳೆದವು. ಒಂದೊಂದಕ್ಕೂ ಅರಿಶಿನ ಕುಂಕುಮ, ಒಂದೊಂದು ಚೆಂಡುಹೂವು. ಆರತಿ ಎತ್ತುವಾಗ ಅವರಿಗೆ ಒಂದು ಸೇವೆ ಮಾಡಿದೆನೆಂದು ಕಣ್ಣಲ್ಲಿ ನೀರು ಬಂತು. ಈಗ ಅದನ್ನು ನೆನೆದರೆ ಬರುವ ನೀರು ಬೇರೆ.

ನವೆಂಬರಿನಲ್ಲಿ ಚಳಿ ಹೆಜ್ಜೆಯಿಟ್ಟಾಗ ಉಣ್ಣೆ ಬಟ್ಟೆಗಳ ಪೆಟ್ಟಿಗೆ ತೆಗೆದೆ. ಅವರ ಸ್ವೆಟರುಗಳ ನಡುವೆ ಒಂದು ನೋಟ್‌ಬುಕ್ಕಿತ್ತು. ಒಂದರಿಂದ ಮೂವತ್ತೇಳರ ತನಕ ಸಾಲಾಗಿ: ಎಲ್ಲಿ ಸಿಕ್ಕಿತು, ಅಗಲ ಎಷ್ಟು, ಸ್ಕ್ರೂ ಎಷ್ಟು. ಕೊನೆಯ ಕಾಲಮ್ಮಿಗೆ "ಯಾರು" ಎಂದು ಹೆಸರು. ಆ ಕಾಲಮ್ಮಿನ ತುಂಬ ಒಂದೇ ಮಾತು: "ಪಾದದ ಕೆಳಗೆ ಬರೆದಿದೆ."

ಇದು ಅವರ ಸ್ವಭಾವ. ಫೈಲು ಒಂದು ಕಡೆ, ಸೇತುವೆ ಒಂದು ಕಡೆ ಹೋಗುವುದನ್ನು ಸರ್ವಿಸಿನುದ್ದಕ್ಕೂ ಕಂಡವರು. ವಸ್ತುವಿನ ವಿಷಯವನ್ನು ವಸ್ತುವಿನ ಮೇಲೇ ಬರೆಯಬೇಕು ಅನ್ನುತ್ತಿದ್ದರು. ಪೆನ್ಸಿಲ್ಲಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ, ಒಂದೊಂದರ ಪಾದದಡಿಯಲ್ಲಿ ನಂಬರನ್ನೂ ಮಾಡಿದವನ ಹೆಸರನ್ನೂ ಬರೆದಿಟ್ಟಿದ್ದರು. ಇಪ್ಪತ್ತೆರಡು ವರ್ಷದ ಕೆಲಸವನ್ನು ನಾನು ಒಂದು ಬಕೆಟ್ ಹುಣಸೆನೀರಿನಲ್ಲಿ ತೊಳೆದು ಬಚ್ಚಲಿಗೆ ಬಿಟ್ಟಿದ್ದೆ.

ಆದರೂ ತಡೆದುಕೊಳ್ಳುತ್ತಿದ್ದೆನೇನೋ. ಇಪ್ಪತ್ತೊಂಬತ್ತನೆಯದು ತಡೆಯಲು ಬಿಡಲಿಲ್ಲ. ಅದರ ಮುಂದೆ ಹನ್ನೊಂದು ವರ್ಷದ "ಗೊತ್ತಿಲ್ಲ"ಗಳು ಒಂದರ ಕೆಳಗೊಂದು ಕೂತಿದ್ದವು. ಕೊನೆಯಲ್ಲಿ, ಬೇರೆ ಪೆನ್ನಿನಲ್ಲಿ, "ಗೊತ್ತಾಯಿತು! ಪಾದದ ಕೆಳಗೆ." ಆ ಉದ್ಗಾರ ಚಿಹ್ನೆಯನ್ನು ನಾನು ಬಹಳ ಹೊತ್ತು ನೋಡಿದೆ. ನನಗೆ ಬರೆದ ಒಂದು ಕಾಗದದಲ್ಲೂ, ಮಗಳು ಹುಟ್ಟಿದ ಸುದ್ದಿಯ ಟೆಲಿಗ್ರಾಮಿನಲ್ಲೂ ಆ ಮನುಷ್ಯ ಉದ್ಗಾರ ಚಿಹ್ನೆ ಹಾಕಿದವರಲ್ಲ. ಕೆಳಗೆ ತಾರೀಖಿತ್ತು. ನನ್ನ ಆದೇಶ ಜಾರಿಯಲ್ಲಿದ್ದ ವರ್ಷದ್ದು. ಹನ್ನೊಂದು ವರ್ಷ ಹುಡುಕಿದ್ದು ಸಿಕ್ಕ ದಿನ ಅವರು ನನ್ನೆದುರು ಕೂತು ಊಟ ಮಾಡಿದ್ದಾರೆ, ಲಿಫ್ಟಿನ ವಿಷಯ ಮಾತಾಡಿದ್ದಾರೆ.

ಅವತ್ತಿನಿಂದ ನನಗೆ ಬೇರೆ ಕೆಲಸವಿಲ್ಲ. ಉಳಿದ ಮೂವತ್ತಾರು ಹೋದರೆ ಹೋಗಲಿ. ಆ ಒಂದರಲ್ಲಿ ಅವರು ಏನು ಕಂಡರು, ನನಗೆ ಹೇಳದೆ ಉಳಿಸಿಕೊಂಡದ್ದು ಏನು, ಅದು ನನಗೆ ಬೇಕು.

ಅನಘಾ ಭೂತಗನ್ನಡಿ ಹಿಡಿದ ತಾಯಿಯನ್ನು ನೋಡಿ ಮೊದಲು ಹೆದರಿದಳು. "ಅಮ್ಮಾ, ನೀನೂ ಪಾಪಾ ತರಹ ಆಗ್ತಿದೀಯ." ಆಮೇಲೆ ಫೋಟೋ ತೆಗೆದು, ಇಂಥ ಹುಚ್ಚರೇ ಸೇರುವ ಯಾವುದೋ ಆನ್‌ಲೈನ್ ಗುಂಪಿನಲ್ಲಿ ಹಾಕಿದಳು. ಎರಡೇ ದಿನಕ್ಕೆ ಉತ್ತರ ಬಂತು. ಮಾಡಿದವನು ಯಾರೆಂದು ಒಬ್ಬರೂ ಹೇಳಲಿಲ್ಲ. ಇದನ್ನು ಪಾಲಿಶ್ ಮಾಡಿದವರು ಯಾರೆಂದು ಎಲ್ಲರೂ ಕೇಳಿದ್ದರು. ಒಬ್ಬರಂತೂ ಇದು ಕೊಲೆ ಎಂದು ಬರೆದಿದ್ದರು. "ಡಿಲೀಟ್ ಮಾಡ್ಲಾ?" ಅಂದಳು ಮಗಳು. "ಬೇಡ. ನಾನೇ ಮಾಡಿದ್ದು ಅಂತ ಬರಿ" ಅಂದೆ. ಸಮುದ್ರದಾಚೆಯ ಗುರುತಿಲ್ಲದವರ ಕೈಲಿ ಬೈಸಿಕೊಂಡದ್ದು ಹಿತವಾಗಿತ್ತು. ಇಲ್ಲಿ ನನ್ನನ್ನು ಬೈಯುವವರು ಯಾರೂ ಉಳಿದಿಲ್ಲ.

ಇನ್ನೊಂದು ತೊಂದರೆಯಿತ್ತು. ನಂಬರೂ ತೊಳೆದುಹೋಗಿ, ಮೂವತ್ತೇಳರಲ್ಲಿ ಇಪ್ಪತ್ತೊಂಬತ್ತನೆಯದು ಯಾವುದೆಂದೇ ತಿಳಿಯುವಂತಿರಲಿಲ್ಲ. ನೋಟ್‌ಬುಕ್ಕಿನ ಅಳತೆಗೆ ಐದು ಹೊಂದುತ್ತಿದ್ದವು, ಐದೂ ಅವಳಿಜವಳಿ. ಒಂದೊಂದನ್ನು ಕೈಗೆತ್ತಿಕೊಂಡು ಏನೂ ತೋಚದೆ ಹಿಡಿ ತಿರುಗಿಸಿದೆ. ಮೂರನೆಯದನ್ನು ತಿರುಗಿಸುವಾಗ ನನ್ನ ಕೈ ನಿಂತಿತು. ಈ ಸದ್ದು ನನಗೆ ಗೊತ್ತು. ಅಡುಗೆಮನೆಯಲ್ಲಿ ನಿಂತು ವರ್ಷಗಟ್ಟಲೆ ಕೇಳಿದ್ದೇನೆ. ಎಲ್ಲವೂ ಒಂದೇ ಸಮ ಕಿರ್ರ್ ಎನ್ನುತ್ತವೆ, ಇದೊಂದು ಮಾತ್ರ ಸುತ್ತಿಗೊಮ್ಮೆ ಕುಂಟುತ್ತದೆ. ಕಿರ್ ಕಿರ್ ಕಿರ್ ಎಂದು ಬಂದು, ಒಂದು ಕಡೆ ಅವಸರದಲ್ಲಿ ಕಿಟ್ ಎಂದು, ಮತ್ತೆ ಕಿರ್ ಕಿರ್. ಇವರು ಯೋಚನೆಯಲ್ಲಿದ್ದಾಗ ಬಾಲ್ಕನಿಯಲ್ಲಿ ಕೂತು ತಿರುಗಿಸುತ್ತಿದ್ದದ್ದು ಇದನ್ನೇ. ಹನ್ನೊಂದು ವರ್ಷ ಅವರನ್ನು ಕಾಡಿದ ಇಪ್ಪತ್ತೊಂಬತ್ತನೆಯದು ಇದೇ. "ಆ ಕುಂಟನನ್ನ ಸ್ವಲ್ಪ ಸುಮ್ಮನಿರಿಸ್ತೀರಾ?" ಎಂದು ಒಳಗಿನಿಂದ ಎಷ್ಟು ಸಲ ಕೂಗಿದ್ದೇನೋ. ಅವರಿಗೆ ನಾನು ಯಾವುದನ್ನು ಕುಂಟ ಅನ್ನುತ್ತೇನೆಂದು ತಿಳಿಯುತ್ತಲೇ ಇರಲಿಲ್ಲ, ಕಿವಿ ಅಷ್ಟು ಮಂದ.

ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಒಂದು ಫೋನ್ ನಂಬರೂ ಹೆಸರೂ ಇದ್ದವು: ರಫೀಕ್, ಲೇತ್ ಕೆಲಸ, ಓಖ್ಲಾ. ಫೋನು ಮಾಡಿದೆ. ಸುದ್ದಿ ಕೇಳಿ ಅವರು "ಯಾವಾಗ?" ಎಂದು ಎರಡು ಸಲ ಕೇಳಿದರು. ಅವರಿಗೆ ಯಾರೂ ತಿಳಿಸಿರಲಿಲ್ಲ. ಇಂಥ ಒಬ್ಬರಿದ್ದಾರೆಂದೇ ನಮಗೆ ಗೊತ್ತಿರಲಿಲ್ಲವಲ್ಲ.

ಮರುದಿನ ಬೆಳಗ್ಗೆ ಇಪ್ಪತ್ತೊಂಬತ್ತನೆಯದನ್ನು ಟವೆಲಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿಕೊಂಡು ಮೆಟ್ರೋ ಹತ್ತಿದೆ. ಬೊಟಾನಿಕಲ್ ಗಾರ್ಡನ್ನಿನಲ್ಲಿ ಗಾಡಿ ಬದಲಿಸಬೇಕು. ಸೆಕ್ಯುರಿಟಿಯ ಹುಡುಗಿ ಎಕ್ಸ್‌ರೇ ಪರದೆ ನೋಡಿ, "ಆಂಟೀಜೀ, ಇದೇನು?" ಅಂದಳು. "ಮೀನು ಹಿಡಿಯೋದು" ಅಂದೆ. ನಾನಿನ್ನೂ ಬಿಡದ ಹಣೆಯ ಕುಂಕುಮ, ಕೈಯ ತುಳಸಿಮಣಿ ನೋಡಿ ಅವಳು ಇನ್ನೇನೂ ಕೇಳದೆ ಬಿಟ್ಟಳು.

ಓಖ್ಲಾದಲ್ಲಿ ಬಟ್ಟೆ ಎಕ್ಸ್‌ಪೋರ್ಟಿನ ಕಟ್ಟಡಕ್ಕೂ ಒಂದು ಪ್ರಿಂಟಿಂಗ್ ಪ್ರೆಸ್ಸಿಗೂ ನಡುವೆ ರಫೀಕ್ ಭಾಯಿಯ ಶೆಡ್ಡು. ಎಪ್ಪತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಉಗುರಿನ ಸಂದಿಯಲ್ಲಿ ಎಣ್ಣೆ. ಲೋಹ ಕಡೆಯುವ ಎರಡು ಲೇತುಗಳು ಒಂದೇ ಸಮ ಅರಚುತ್ತಿದ್ದವು. ಸ್ಟೂಲು ಒರೆಸಿ ಕೂರಿಸಿ ಚಹಾ ತರಿಸಿದರು. ನಾನು ಟವೆಲು ಬಿಚ್ಚಿದೆ. ಹೊಳಪು ಕಂಡು ಅವರ ಹುಬ್ಬು ಏರಿತು, ಬಾಯಿ ಏನೂ ಅನ್ನಲಿಲ್ಲ. ದೊಡ್ಡ ಮನುಷ್ಯರು.

"ಇದನ್ನ ಸಾಬ್ ನಾಲ್ಕು ಸಲ ತಂದಿದ್ರು ಮೇಡಂ" ಎಂದು ಹಿಂದಿಯಲ್ಲಿ ಶುರು ಮಾಡಿದರು. "ಮೂರು ಸಲ ನಾವಿಬ್ರೂ ಸೋತ್ವಿ. ನಾಲ್ಕನೇ ಸಲ ಬಾಗಿಲಲ್ಲೇ ನಗ್ತಾ ನಿಂತಿದ್ರು. ಗೊತ್ತಾಯ್ತು ರಫೀಕ್ ಭಾಯಿ, ಅಂದ್ರು. ಅಚ್ಛಾ, ಯಾರು, ಅಂದೆ. ಈಗ ಹೇಳಲ್ಲ, ಮೊದಲು ಮನೇಲಿ ಹೇಳ್ಬೇಕು, ಆಮೇಲೆ ನಿಮಗೆ, ಅಂದ್ರು. ಆಮೇಲೆ ಬರಲೇ ಇಲ್ಲ."

ಈ ಮನುಷ್ಯನಿಗೆ ಗೊತ್ತಿರುತ್ತದೆ ಎಂದು ನಂಬಿ ಬಂದಿದ್ದೆ. ಗೊತ್ತಿಲ್ಲ, ಯಾಕೆಂದರೆ ಮೊದಲ ಹಕ್ಕು ನನ್ನದಾಗಿತ್ತು.

"ಹಾಗಾದ್ರೆ ಹೇಳಿ ಮೇಡಂ," ರಫೀಕ್ ಭಾಯಿ ಮುಂದಕ್ಕೆ ಬಾಗಿದರು. "ಎರಡು ವರ್ಷ ಯೋಚನೆ ಮಾಡಿದೀನಿ. ಯಾರಂತೆ? ನಿಮಗೆ ಹೇಳಿದ್ರಲ್ಲ?"

ಇಲ್ಲ ಎನ್ನಬಹುದಿತ್ತು. ಇಲ್ಲ ಅಂದರೆ ಯಾಕೆ ಇಲ್ಲ ಎಂದು ಹೇಳಬೇಕು. ಮನೆಗೆ ಹೇಳಬೇಕೆಂದು ನಗುನಗುತ್ತ ಹೊರಟ ಮನುಷ್ಯನಿಗೆ ಮನೆಯಲ್ಲಿ ಬಾಯಿ ತೆರೆಯಲು ಜಾಗವಿರಲಿಲ್ಲ ಎಂದು, ಪರಿಚಯವಿಲ್ಲದ ಶೆಡ್ಡಿನಲ್ಲಿ, ನನ್ನ ಬಾಯಿಂದ. ಆಗಲಿಲ್ಲ ನನ್ನಿಂದ.

"ಹೇಳಿದ್ರು" ಅಂದೆ.

ರಫೀಕ್ ಭಾಯಿ ಕೈ ಒರೆಸಿಕೊಂಡು ಕಥೆ ಕೇಳುವವರ ಹಾಗೆ ಎದುರು ಕೂತರು. ಈಗ ನಾನು ಏನಾದರೂ ಹೇಳಲೇಬೇಕು. ನನ್ನ ಹತ್ತಿರ ಇದ್ದದ್ದು ಒಂದೇ. "ಲೇತು ನಿಲ್ಲಿಸಿ" ಅಂದೆ. ಎರಡೂ ನಿಂತವು. ಆ ನಿಶ್ಶಬ್ದದಲ್ಲಿ ಅವರ ಕಿವಿಯ ಹತ್ತಿರ ರೀಲು ಹಿಡಿದು ನಿಧಾನವಾಗಿ ತಿರುಗಿಸಿದೆ. ಕಿರ್ ಕಿರ್ ಕಿರ್, ಕಿಟ್.

"ಲಂಗ್ಡಾ ಹೈ, ಕುಂಟ!" ಅಂದರು.

"ವಿಲಾಯತಿ ಆಗಿದ್ರೆ ಕುಂಟುತ್ತಾ?" ಅಂದೆ. ಅಲ್ಲಿಯ ತನಕ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಬಾಯಿಂದ ಬಂದ ಮೇಲೆ ಮುಂದಿನದು ತಾನಾಗಿ ಬಂತು. "ಅಲ್ಲಿ ಮಷೀನು ಹಲ್ಲು ಕತ್ತರಿಸುತ್ತೆ, ಎಲ್ಲ ಒಂದೇ ಸಮ. ಇದನ್ನ ಯಾರೋ ಕೂತು ಅರದಲ್ಲಿ ಉಜ್ಜಿದಾರೆ."

ಅವರು ಸ್ಕ್ರೂಡ್ರೈವರ್ ತೆಗೆದು ರೀಲಿನ ಪಕ್ಕದ ಹಿತ್ತಾಳೆ ಬಿಲ್ಲೆ ಬಿಚ್ಚಿದರು. ಒಳಗಿನ ಹಲ್ಲಿನ ಗಾಲಿಯನ್ನು ಬಾಗಿಲ ಬೆಳಕಿಗೆ ಹಿಡಿದರು. ಒಂದು ಹಲ್ಲು ಮಿಕ್ಕವುಗಳಿಗಿಂತ ಸಣಕಲಾಗಿತ್ತು. ಕಣ್ಣಂದಾಜಿನಲ್ಲಿ ಉಜ್ಜುತ್ತ ಸುತ್ತು ಬಂದವನಿಗೆ ಕೊನೆಯ ಹಲ್ಲಿಗೆ ಜಾಗ ಸಾಲದೆ ಬಂದಿತ್ತು. ರಂಗೋಲಿಯಲ್ಲಿ ಕೊನೆಯ ದಳಕ್ಕೆ ನನಗೆ ಯಾವಾಗಲೂ ಆಗುವುದು ಅದೇ.

"ನಮ್ಮಂಥವನೇ ಯಾರೋ" ಎಂದರು ರಫೀಕ್ ಭಾಯಿ. "ಇಲ್ಲೇ ಎಲ್ಲೋ. ಸಾಹೇಬನ ರೀಲು ನೀರಿಗೆ ಬಿದ್ದಿರುತ್ತೆ, ಇನ್ನೊಂದನ್ನ ತೋರಿಸಿ ಹೀಗೇ ಮಾಡಿಕೊಡು ಅಂದಿರ್ತಾನೆ. ಮಾಡಿಕೊಟ್ಟ. ಹೊರಗೆ ನೋಡಿದ್ರೆ ಯಾರಪ್ಪನಿಗೂ ಗೊತ್ತಾಗಲ್ಲ." ಅರದ ಗೀರುಗಳನ್ನು ಬೆರಳಿನಿಂದ ಸವರಿದರು. "ಎಡಗೈಯವನು, ನೋಡಿ. ಗೀರು ಈ ಕಡೆ ಇಳಿದಿದೆ." ಆಮೇಲೆ ತಲೆ ಎತ್ತಿ, ಹೆಮ್ಮೆಯಿಂದ, "ನಾನು ಕಣ್ಣಲ್ಲೇ ಹುಡುಕಿದೆ. ಸಾಬ್‌ಗೆ ಕಿವಿ ಎಂಥ ಚುರುಕು!" ಎಂದರು.

"ಹೌದು" ಅಂದೆ. ಮೂವತ್ತನಾಲ್ಕು ವರ್ಷ ಪ್ರತಿಯೊಂದನ್ನೂ ಎರಡೆರಡು ಸಲ ಕೂಗಿ ಹೇಳಿದ ನನ್ನ ಗಂಟಲಿಗೆ ಮಾತ್ರ ಆ ಕಿವಿಯ ಸಂಗತಿ ಗೊತ್ತು.

ಅಂದರೆ ಅವರು ಕಂಡದ್ದು ಸದ್ದಿನಿಂದಂತೂ ಅಲ್ಲ. ಬೇರೆ ದಾರಿಯಿಂದ ಇದೇ ಎಡಗೈಯವನ ಹತ್ತಿರ ಬಂದಿರಬಹುದು, ಅಥವಾ ಬೇರೆ ಯಾವುದೋ ಊರಿನ ಬೇರೆ ಯಾರನ್ನೋ ಕಂಡಿರಬಹುದು. ನನಗೆ ಇನ್ನು ತಿಳಿಯುವುದಿಲ್ಲ. ವಾಪಸು ಬರುವಾಗ ಮೆಟ್ರೋದಲ್ಲಿ ಸೀಟು ಸಿಕ್ಕಿತು, ಚೀಲ ಮಡಿಲಲ್ಲಿಟ್ಟುಕೊಂಡು ಕೂತೆ. ನಮ್ಮವರು ನನ್ನ ಒಂದೇ ಒಂದು ತಪ್ಪನ್ನೂ ತಿದ್ದದೆ ಬಿಟ್ಟವರಲ್ಲ. ಹಾಲಿನ ಲೆಕ್ಕದಿಂದ ಹಿಡಿದು ಹಿಂದಿಯ ಲಿಂಗದ ತನಕ, ಪಕ್ಕದಲ್ಲೇ ನಿಂತು ತಿದ್ದುತ್ತಿದ್ದರು. ಈಗ ಅವರ ಹೆಸರಿನಲ್ಲಿ ಇಷ್ಟು ದೊಡ್ಡ ಮಾತು ಹೇಳಿ ಬಂದಿದ್ದೇನೆ. ತಪ್ಪಾಗಿದ್ದರೆ ಜಗಳಕ್ಕೆ ಬರಲಿ. ನಾನು ಮನೆಯಲ್ಲೇ ಇರುತ್ತೇನೆ.